ಪಾಲಿನ ಗದ್ದೆ ಮತ್ತು ಒಂದು ನೋಟ್‌ಬುಕ್: ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಖಾಸಗಿ ಉದ್ಯೋಗದಲ್ಲಿರುವ, ನಲವತ್ತೈದರ ಆಸುಪಾಸಿನ ಒಬ್ಬರು ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಬಂದರು. ಮಂಡ್ಯ ಜಿಲ್ಲೆಯ ಅವರ ಊರಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರಾವರಿಯಿರುವ ಮೂರು ಎಕರೆ ಗದ್ದೆಯಿದೆ; ತಂದೆ ತೀರಿಕೊಂಡ ಮೇಲೆ ಪಾಲಾಗದೆ ಉಳಿದಿರುವ ಆ ಜಮೀನಿನಲ್ಲಿ ಕಿರಿಯ ಸಹೋದರ ಕಬ್ಬು ಬೆಳೆಯುತ್ತಿದ್ದಾರೆ. ಅದರಲ್ಲಿ ತಮಗೆ ಬರಬೇಕಾದ ಭಾಗವನ್ನು ಮಾರಿ ಮನೆಸಾಲ ತೀರಿಸುವುದೋ ಬೇಡವೋ ಎಂದು ಇವರು ಎರಡು ವರ್ಷಗಳಿಂದ ತೂಗಿ ನೋಡುತ್ತಿದ್ದರು. ದಲ್ಲಾಳಿ ಮುಂಗಡ ಹಿಡಿದು ಕಾಯುತ್ತಿದ್ದ. ಲಾಭನಷ್ಟಗಳ ಪಟ್ಟಿ ಅವರ ಮೊಬೈಲಿನಲ್ಲಿ ಬೆಳೆಯುತ್ತಲೇ ಇತ್ತು.

ನಾನು ಜಮೀನಿನ ಬಗ್ಗೆ ಸಲಹೆ ಕೊಡಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಕಾಗುಣಿತ ನೋಡದೆ, ಪೆನ್ನು ನಿಲ್ಲಿಸದೆ ಇದೇ ವಿಷಯವನ್ನು ಬರೆಯಿರಿ ಎಂದೆ. ಈ ಕ್ರಮಕ್ಕೆ ಆಧಾರ, ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ ಸಹೋದ್ಯೋಗಿಯೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ವಿದ್ಯಾರ್ಥಿಗಳು ನೋವಿನ ಅನುಭವಗಳನ್ನು ನಾಲ್ಕು ದಿನ ಹೀಗೆಯೇ ಬರೆದಿದ್ದರು. ಬರೆದ ಕೂಡಲೇ ಮನಸ್ಸು ಹಗುರಾಗುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ, ಮೊದಲು ಭಾರವಾಗುವುದೇ ಹೆಚ್ಚು. ತಡೆಯಲಾಗದಷ್ಟು ಸಂಕಟವಾದರೆ ಅಲ್ಲಿಗೇ ನಿಲ್ಲಿಸಬೇಕೆಂದು ಇವರಿಗೂ ಖಚಿತವಾಗಿ ಹೇಳಿದ್ದೆ. ಕೈಬರಹವನ್ನೇ ಆರಿಸಿದ್ದಕ್ಕೆ ನನ್ನ ಅನುಭವವೇ ಕಾರಣ: ಮೊಬೈಲಿನಲ್ಲಿ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ, ಕಾಗದದ ಮೇಲೆ ಹೊಡೆದುಹಾಕಿದ್ದೂ ಕಾಣುತ್ತದೆ.

ಒಂದು ವಾರ ಓದದೆ ಇಟ್ಟು, ನಂತರ ನನ್ನೆದುರೇ ಅವರು ಆ ಪುಟಗಳನ್ನು ತೆರೆದರು. ಮೊದಲೆರಡು ದಿನ ಬರೀ ಬಡ್ಡಿ, ಕಂತು, ಎಕರೆಯ ದರ. ಮೂರನೆಯ ದಿನದ ಪುಟದಲ್ಲಿ 'ತಮ್ಮ ಒಪ್ಪುವುದಿಲ್ಲ' ಎಂಬ ಮಾತು ಐದು ಕಡೆ ಬಂದಿತ್ತು. ಐದನೆಯದನ್ನು ಅವರೇ ಹೊಡೆದುಹಾಕಿ, ಕೆಳಗಿನ ಹಾಳೆಯಲ್ಲಿ ಅಚ್ಚು ಮೂಡುವಷ್ಟು ಒತ್ತಿ, 'ಕೇಳಿದ್ದೀನಾ?' ಎಂದು ಬರೆದಿದ್ದರು. ಬಹಳ ಹೊತ್ತು ಅದನ್ನೇ ನೋಡಿ, 'ಇಲ್ಲ ಮೇಡಂ, ಒಂದು ಸಲವೂ ಕೇಳಿಲ್ಲ,' ಎಂದರು.

ಒಳಮನಸ್ಸಿನ ಮಾತು ಎಂದು ನಾವು ಹೇಳುವುದು ಹಲವು ಸಲ ಇಂಥದ್ದೇ ಆಗಿರುತ್ತದೆ, ನಮಗೆ ಗೊತ್ತಿದ್ದೂ ಪಕ್ಕಕ್ಕೆ ಸರಿಸಿಟ್ಟ ಸಂಗತಿ. ಆದರೆ ಒಳಗಿನಿಂದ ಬಂದದ್ದೆಲ್ಲ ನಿಜವಲ್ಲ, ಹೆದರಿಕೆಯೂ ಅದೇ ದನಿಯಲ್ಲಿ ಮಾತನಾಡುತ್ತದೆ. ಆದ್ದರಿಂದ ಎಡಪುಟದಲ್ಲಿ ಕಂಡು ಕೇಳಿದ್ದನ್ನೂ ಬಲಪುಟದಲ್ಲಿ ಮನಸ್ಸಿನ ಊಹೆಯನ್ನೂ ಬರೆದು, ಊಹೆಗಳಲ್ಲಿ ಒಂದನ್ನಾದರೂ ಸಂಬಂಧಪಟ್ಟವರ ಹತ್ತಿರವೇ ಕೇಳಿ ತಿಳಿದುಕೊಳ್ಳಬೇಕೆಂದು ಹೇಳಿದೆ. ಒಂದೇ ಗೋಳು ಪುಟದಿಂದ ಪುಟಕ್ಕೆ ಮರುಕಳಿಸಿದರೆ ಬರವಣಿಗೆ ಬಿಟ್ಟು ನನ್ನ ಬಳಿ ಬರಬೇಕೆಂದೂ, ನೋಟ್‌ಬುಕ್ ಯಾರ ಕಣ್ಣಿಗೂ ಬೀಳದ ಹಾಗೆ ಇಡಬೇಕೆಂದೂ ತಿಳಿಸಿದೆ. ಯಾರಾದರೂ ಓದಿಯಾರು ಎಂಬ ಅಳುಕಿದ್ದರೆ ಕೈ ನಿಜ ಬರೆಯುವುದಿಲ್ಲ.

ಮುಂದಿನ ಭಾನುವಾರ ಅವರು ಊರಿಗೆ ಹೋಗಿ ಗದ್ದೆಯ ಬದುವಿನ ಮೇಲೆ ಕೂತು ವಿಷಯ ತೆಗೆದರು. ತಮ್ಮ ಮೊದಲು ನೊಂದುಕೊಂಡು ಎದ್ದುಹೋದರಂತೆ. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿ, 'ಅಣ್ಣ, ದಲ್ಲಾಳಿಗಿಂತ ಮೊದಲು ನನಗೆ ಹೇಳಬಾರದಿತ್ತಾ? ಈ ಕಟಾವು ಮುಗೀಲಿ, ಕೂತು ಮಾತಾಡೋಣ,' ಎಂದರಂತೆ.

ಜಮೀನಿನ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ಕಟಾವು ಮುಗಿಯುವ ತನಕ ಮುಂಗಡ ಬೇಡವೆಂದು ಅವರು ದಲ್ಲಾಳಿಗೆ ಹೇಳಿದ್ದಾರೆ. ಕಳೆದ ಭೇಟಿಯಲ್ಲಿ ನೋಟ್‌ಬುಕ್ ತೆರೆದು, ಬಲಪುಟದಲ್ಲಿದ್ದ ಒಂದು ಸಾಲನ್ನು ಹೊಡೆದು ಎಡಪುಟಕ್ಕೆ ತಮ್ಮನ ಮಾತನ್ನು ತಾರೀಕು ಹಾಕಿ ಬರೆದುಕೊಂಡಿದ್ದನ್ನು ನನಗೆ ತೋರಿಸಿದರು.