ಶಾಖೆಯೋ, ಅಂಗಸಂಸ್ಥೆಯೋ ಎಂಬುದನ್ನು ಮೊದಲು ನೋಡಿ

ವಿದೇಶಿ ಬ್ಯಾಂಕೊಂದು ಮುಳುಗಿದರೆ ಠೇವಣಿದಾರರ ಹಣಕ್ಕೆ ಅದರ ಮೂಲದೇಶದ ಸರ್ಕಾರವೇ ಹೊಣೆಯೇ ಎಂದು ತಾವು ಕೇಳಿದ್ದೀರಿ. ಹಾಗೆಂದು ಸಾರಾಸಗಟಾಗಿ ಹೇಳಲಾಗದು. ಶಾಖೆಯೆಂದರೆ ಮೂಲ ಬ್ಯಾಂಕಿನದೇ ಭಾಗ; ಅಂಗಸಂಸ್ಥೆಯೆಂದರೆ ಆ ಬ್ಯಾಂಕು ಹೊರದೇಶದಲ್ಲಿ ಹೊಂದಿರುವ ಪ್ರತ್ಯೇಕ ಕಂಪನಿ. ಐಸ್‌ಲ್ಯಾಂಡಿನ ಲ್ಯಾಂಡ್ಸ್‌ಬ್ಯಾಂಕಿ ಬ್ರಿಟನ್ನಿನಲ್ಲಿ ‘ಐಸ್‌ಸೇವ್’ ಹೆಸರಿನಿಂದ ಠೇವಣಿ ಸಂಗ್ರಹಿಸುತ್ತಿದ್ದುದು ಪ್ರತ್ಯೇಕ ಕಂಪನಿಯ ಮೂಲಕವಲ್ಲ, ತನ್ನದೇ ಶಾಖೆಯ ಮೂಲಕ. ಆದ್ದರಿಂದ 2008ರ ಅಕ್ಟೋಬರಿನಲ್ಲಿ ಅದು ಕುಸಿದಾಗ, ಐರೋಪ್ಯ ಒಕ್ಕೂಟದ ನಿರ್ದೇಶನದಂತೆ (ಸದಸ್ಯರಿಗೆ ಅನ್ವಯಿಸುವ ನಿಯಮದಂತೆ) ಪ್ರತಿ ಠೇವಣಿದಾರರಿಗೆ ಕನಿಷ್ಠ 20,000 ಯೂರೊವರೆಗೆ ಭರಿಸಿಕೊಡುವ ಹೊರೆ ಐಸ್‌ಲ್ಯಾಂಡಿನ ಠೇವಣಿ ಖಾತರಿ ನಿಧಿಯ ಮೇಲೆ ಬಿತ್ತು. ಆ ನಿಧಿಗೆ ಅಷ್ಟು ಶಕ್ತಿಯಿರಲಿಲ್ಲ. ಬ್ರಿಟನ್, 2001ರ ಭಯೋತ್ಪಾದನಾ ನಿಗ್ರಹ ಕಾಯ್ದೆಯನ್ನೇ ಬಳಸಿ ಬ್ಯಾಂಕಿನ ಆಸ್ತಿಯನ್ನು ತಡೆಹಿಡಿಯಿತು. ಮಿತ್ರದೇಶದ ಬ್ಯಾಂಕಿನ ಮೇಲೆ ಅಂಥ ಅಸ್ತ್ರ ಪ್ರಯೋಗಿಸಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಬ್ರಿಟನ್ ತನ್ನ ಠೇವಣಿದಾರರಿಗೆ ತಾನೇ ಹಣ ಕೊಟ್ಟು, ಅದನ್ನು ಐಸ್‌ಲ್ಯಾಂಡ್ ತೀರಿಸಬೇಕೆಂದು ಪಟ್ಟು ಹಿಡಿಯಿತು. ಮರುಪಾವತಿಯ ಒಪ್ಪಂದಗಳನ್ನು ಐಸ್‌ಲ್ಯಾಂಡಿನ ಮತದಾರರು 2010 ಮತ್ತು 2011ರಲ್ಲಿ ಎರಡು ಬಾರಿ ತಿರಸ್ಕರಿಸಿದರು. ಕೊನೆಗೆ 2013ರ ಜನವರಿ 28ರಂದು ಎಫ್ಟಾ (ಐರೋಪ್ಯ ಮುಕ್ತ ವ್ಯಾಪಾರ ಸಂಘ) ನ್ಯಾಯಾಲಯವು, ಖಾತರಿ ಯೋಜನೆಯನ್ನು ಸ್ಥಾಪಿಸುವುದು ಸರ್ಕಾರದ ಕರ್ತವ್ಯವೇ ಹೊರತು, ಇಡೀ ಬ್ಯಾಂಕಿಂಗ್ ವ್ಯವಸ್ಥೆಯೇ ಕುಸಿದಾಗ ನಿಧಿಯ ಕೊರತೆಯನ್ನು ಬೊಕ್ಕಸದಿಂದ ತುಂಬಿಕೊಡುವ ಬಾಧ್ಯತೆ ಆ ನಿರ್ದೇಶನದಲ್ಲಿಲ್ಲ ಎಂದು ತೀರ್ಪಿತ್ತಿತು. ಅದೇ ದೇಶದ ಕೌಪ್ತಿಂಗ್ ಬ್ಯಾಂಕು ಬ್ರಿಟನ್ನಿನಲ್ಲಿ ಅಂಗಸಂಸ್ಥೆಯ ಮೂಲಕ ವ್ಯವಹರಿಸುತ್ತಿದ್ದುದರಿಂದ, ಅಲ್ಲಿನ ಠೇವಣಿಗಳು ಬ್ರಿಟನ್ನಿನದೇ ಖಾತರಿ ಯೋಜನೆಗೆ ಒಳಪಟ್ಟಿದ್ದವು.