ರೈಲು ಮುಷ್ಕರಕ್ಕೆ ಜನರ ಬೆಂಬಲ ಇತ್ತೋ ಇಲ್ಲವೋ? ಸಮೀಕ್ಷೆಯ ಅಂಕಿಗಳನ್ನು ಓದುವುದು ಹೇಗೆ?

ನೀವು ಕೇಳಿದ್ದು ಇಷ್ಟು: 2022ರ ಜೂನ್‌ನಲ್ಲಿ ಬ್ರಿಟನ್ನಿನ ರೈಲು ನೌಕರರು ಸಂಬಳಕ್ಕಾಗಿ ಮುಷ್ಕರ ಹೂಡಿದಾಗ ಒಂದು ಸಮೀಕ್ಷೆ ಜನ ನೌಕರರ ಪರ ಎಂದಿತು, ಅದೇ ವಾರ ಇನ್ನೊಂದು ಜನ ವಿರುದ್ಧ ಎಂದಿತು. ಇದರಲ್ಲಿ ಯಾವುದನ್ನು ನಂಬಬೇಕು?

ಎರಡನ್ನೂ ನಂಬಬಹುದು. ಆದರೆ ಎರಡೂ ಒಂದೇ ಪ್ರಶ್ನೆ ಕೇಳಿವೆ ಎಂದು ಮಾತ್ರ ನಂಬಬೇಡಿ.

ಸವಾಂಟಾ ಕಾಮ್‌ರೆಸ್ ಸಂಸ್ಥೆ ಕೇಳಿದ್ದು ಈ ಮುಷ್ಕರ ನ್ಯಾಯವೋ ಅಲ್ಲವೋ ಎಂದು. ಶೇ. 58 ಜನ ನ್ಯಾಯ ಎಂದರು, ಶೇ. 34 ಅಲ್ಲ ಎಂದರು. ಯೂಗವ್ ಎಂಬ ಇನ್ನೊಂದು ಸಂಸ್ಥೆ ಕೇಳಿದ್ದು ನೀವು ಮುಷ್ಕರವನ್ನು ಬೆಂಬಲಿಸುತ್ತೀರೋ ವಿರೋಧಿಸುತ್ತೀರೋ ಎಂದು. ಅಲ್ಲಿ ಬೆಂಬಲ ಶೇ. 37, ವಿರೋಧ ಶೇ. 45. 58ಕ್ಕೂ 37ಕ್ಕೂ ನಡುವಿನ ಅಂತರ 21 ಶೇಕಡಾ ಅಂಶ. ಸಂಸ್ಥೆ ಬೇರೆ, ಜನರನ್ನು ಆರಿಸಿದ ರೀತಿ ಬೇರೆ ಎಂಬುದು ಇದರಲ್ಲಿ ಒಂದು ಪಾಲು ಮಾತ್ರ. ದೊಡ್ಡ ಪಾಲು ಪ್ರಶ್ನೆಯದು. ಆ ಮೇ ತಿಂಗಳಲ್ಲಿ ಅಲ್ಲಿನ ಗ್ರಾಹಕ ಹಣದುಬ್ಬರ ಶೇ. 9.1 ಇತ್ತು. ಹಳಿ, ಸಿಗ್ನಲ್ ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಕೊಡಲು ಒಪ್ಪಿದ್ದು ಶೇ. 2, ಮೇಲೆ ಷರತ್ತಿನ ಶೇ. 1. ಮುಷ್ಕರ ಹೂಡಿದ ನೌಕರರ ಯೂನಿಯನ್ ಆರ್‌ಎಂಟಿ ಶೇ. 7ರ ಆಸುಪಾಸು ಕೇಳುತ್ತಿತ್ತು. ತನ್ನ ಮನೆಯ ಕರೆಂಟ್ ಬಿಲ್ ನೋಡಿ ಬೆಚ್ಚಿದವನಿಗೆ ‘ಕೇಳುವುದರಲ್ಲಿ ತಪ್ಪೇನಿಲ್ಲ’ ಅನ್ನಿಸುವುದು ಸಹಜ. ‘ಹಾಗಂತ ರೈಲು ನಿಲ್ಲಿಸಬೇಕಾ’ ಅನ್ನುವುದೂ ಅವನೇ. ‘ನ್ಯಾಯವೇ’ ಎಂಬ ಪ್ರಶ್ನೆಗೆ ಅವನು ಮೊದಲ ಉತ್ತರ ಕೊಡುತ್ತಾನೆ, ‘ಬೆಂಬಲವೇ’ ಎಂಬುದಕ್ಕೆ ಎರಡನೆಯದನ್ನು. ಯೂನಿಯನ್ನಿನ ಪ್ರಕಟಣೆಗಳಿಗೆ ಮೊದಲನೆಯದು ಪ್ರಿಯ, ಮಂತ್ರಿಗಳ ಭಾಷಣಕ್ಕೆ ಎರಡನೆಯದು.

ಹಾಗಾಗಿ ಸುದ್ದಿಯ ತಲೆಬರಹ ಬಿಟ್ಟು ಕೋಷ್ಟಕ ತೆರೆಯಿರಿ. ಅಲ್ಲಿನ ಸಮೀಕ್ಷಾ ಸಂಸ್ಥೆಗಳ ಒಕ್ಕೂಟವಾದ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು ಅಂಕಿ ಬಹಿರಂಗವಾದ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಕೋಷ್ಟಕವನ್ನೂ ಪ್ರಶ್ನೆಯ ಮೂಲ ಪಠ್ಯವನ್ನೂ ಪ್ರಕಟಿಸಲೇಬೇಕು. ಅದು ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತದೆ. ಸಿಗದಿದ್ದರೆ ಆ ಸಮೀಕ್ಷೆಯನ್ನು ಅಲ್ಲಿಗೇ ಬಿಡಿ. ಸುದ್ದಿತಾಣದ ಮೂಲೆಯಲ್ಲಿ ‘ನಿಮ್ಮ ಮತ ಒತ್ತಿ’ ಎಂದು ಇರುತ್ತದಲ್ಲ, ಅದು ಸಮೀಕ್ಷೆಯೇ ಅಲ್ಲ. ಐವತ್ತು ಸಾವಿರ ಜನ ಒತ್ತಿದ್ದರೂ ಅದಕ್ಕೆ ಬೆಲೆಯಿಲ್ಲ, ಯಾಕೆಂದರೆ ಒತ್ತಿದವರು ತಾವಾಗಿಯೇ ಬಂದವರು.

ಕೋಷ್ಟಕದಲ್ಲಿ ಮೊದಲು ನೋಡಬೇಕಾದ್ದು ಪ್ರಶ್ನೆಯ ಪೂರ್ತಿ ವಾಕ್ಯ, ಅದರ ಹಿಂದಿನ ಪ್ರಶ್ನೆಯ ಸಮೇತ. ‘ಈ ಮುಷ್ಕರದಿಂದ ನಿಮಗೆ ಎಷ್ಟು ತೊಂದರೆಯಾಗುತ್ತದೆ’ ಎಂದು ಕೇಳಿ ಆಮೇಲೆ ‘ಬೆಂಬಲಿಸುತ್ತೀರಾ’ ಎಂದರೆ ಬೆಂಬಲ ಇಳಿಯುವ ಸಾಧ್ಯತೆ ಹೆಚ್ಚು. ಮೊದಲು ಬೆಲೆಯೇರಿಕೆಯ ಮಾತೆತ್ತಿದರೆ ತಕ್ಕಡಿ ಬೆಂಬಲದ ಕಡೆ ವಾಲುತ್ತದೆ. ‘ಒಪ್ಪುತ್ತೀರಾ, ಒಪ್ಪುವುದಿಲ್ಲವಾ’ ಮಾದರಿಯ ಪ್ರಶ್ನೆಗಳ ಬಗ್ಗೆಯೂ ಎಚ್ಚರ ಇರಲಿ: ಎದುರಿಗಿಟ್ಟ ಹೇಳಿಕೆಗೆ ತಲೆಯಾಡಿಸುವುದು ಬಹಳ ಜನರ ಅಭ್ಯಾಸ, ಹೇಳಿಕೆ ಯಾವ ಕಡೆಯದಾದರೂ ಸರಿ.

ಆಮೇಲೆ ‘ಗೊತ್ತಿಲ್ಲ’ ಎಂದವರ ಸಾಲು. ಯೂಗವ್‌ನ 37 ಮತ್ತು 45 ಕೂಡಿದರೆ 82. ಉಳಿದ 18 ಜನ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವರನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ವಿರೋಧ ಶೇ. 55 ಆಗುತ್ತದೆ, ‘ಬಹುಮತ ವಿರೋಧ’ ಎಂದು ಬರೆಯಬಹುದು. ಇಟ್ಟುಕೊಂಡರೆ ‘ಅರ್ಧದಷ್ಟು ಜನರೂ ವಿರೋಧಿಸಲಿಲ್ಲ’ ಎಂದೂ ಬರೆಯಬಹುದು. ಎರಡೂ ಲೆಕ್ಕದಲ್ಲಿ ತಪ್ಪಿಲ್ಲ, ಓದುಗ ಮಾತ್ರ ಮೋಸ ಹೋಗುತ್ತಾನೆ.

ಅಂಕಿಯ ದೋಷಮಿತಿಯ ಬಗ್ಗೆ, ಅಂದರೆ ಕೆಲವರನ್ನಷ್ಟೇ ಕೇಳಿದ್ದರಿಂದ ಅಂಕಿ ಎಷ್ಟು ಆಚೀಚೆ ಆಗಬಹುದು ಎಂಬುದರ ಬಗ್ಗೆ, ಎಲ್ಲರೂ ಮಾತಾಡುತ್ತಾರೆ, ಸರಿಯಾಗಿ ಬಳಸುವವರು ಕಡಿಮೆ. ಸಾವಿರ ಜನರ ಮಾದರಿಗೆ ಮೇಲಕ್ಕೋ ಕೆಳಕ್ಕೋ 3 ಅಂಶ ಎನ್ನುವುದು ಒಂದೊಂದು ಅಂಕಿಗೆ ಅನ್ವಯಿಸುವ ಮಾತು. ಎರಡು ಅಂಕಿಗಳ ನಡುವಿನ ಅಂತರಕ್ಕೆ ಅದು ಬಹುತೇಕ ಇಮ್ಮಡಿಯಾಗುತ್ತದೆ. 37 ಮತ್ತು 45ರ ಅಂತರಕ್ಕೆ ಸುಮಾರು ಐದೂವರೆ ಅಂಶ. ಹಾಗಾಗಿ ಅಲ್ಲಿನ 8 ಅಂಶಗಳ ಮುನ್ನಡೆ ನಿಜವಾದದ್ದೇ. ಅದೇ 40–44 ಆಗಿದ್ದರೆ ಸಮಬಲ ಎಂದೇ ತಿಳಿಯಬೇಕಿತ್ತು. ಇನ್ನು ಸಾವಿರದಲ್ಲಿ ದಿನವೂ ರೈಲು ಹತ್ತುವವರು ನೂರು ಜನ ಸಿಕ್ಕರು ಅನ್ನಿ, ಆ ಗುಂಪಿನ ದೋಷಮಿತಿ ಹತ್ತು ಅಂಶದವರೆಗೆ ಹೋಗುತ್ತದೆ. ‘ನಿತ್ಯ ಪ್ರಯಾಣಿಕರು ಮುಷ್ಕರದ ಪರ’ ಎಂದೋ ವಿರುದ್ಧ ಎಂದೋ ಒಂದೇ ಸಮೀಕ್ಷೆಯಿಂದ ಹೊರಟ ಸುದ್ದಿಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ವಯಸ್ಸಿನ ಅಂತರ ಮಾತ್ರ ಇಷ್ಟು ಸುಲಭಕ್ಕೆ ಅಳಿಸಿಹೋಗುವಂಥದ್ದಲ್ಲ. ಸವಾಂಟಾದ ಅದೇ ಸಮೀಕ್ಷೆಯಲ್ಲಿ 18ರಿಂದ 34 ವಯಸ್ಸಿನವರಲ್ಲಿ ಶೇ. 72 ಮಂದಿ, 55 ದಾಟಿದವರಲ್ಲಿ ಶೇ. 44 ಮಂದಿ ಮುಷ್ಕರ ನ್ಯಾಯ ಎಂದಿದ್ದರು.

‘ಯಾರದು ತಪ್ಪು’ ಎಂಬ ಪ್ರಶ್ನೆಯಲ್ಲಿ ಇನ್ನೊಂದು ಬಲೆ ಇದೆ. ಒಂದು ಕಾಲ್ಪನಿಕ ಲೆಕ್ಕ ನೋಡಿ: ಯೂನಿಯನ್ 32, ಸರ್ಕಾರ 28, ರೈಲು ಕಂಪನಿಗಳು 22, ಗೊತ್ತಿಲ್ಲ 18. ‘ಹೆಚ್ಚಿನವರು ಯೂನಿಯನ್ ಅನ್ನು ದೂರುತ್ತಾರೆ’ ಎಂಬ ತಲೆಬರಹ ಬರುತ್ತದೆ. ಆದರೆ ಮೇಜಿನ ಆ ಬದಿಗೆ ಕೂತವರು ಇಬ್ಬರು, ಅವರ ಪಾಲು ಕೂಡಿಸಿದರೆ 50. ಆಯ್ಕೆಗಳ ಪಟ್ಟಿಯಲ್ಲಿ ಒಂದು ಪಕ್ಷವನ್ನು ಎರಡು ಹೋಳು ಮಾಡಿ ಇನ್ನೊಂದನ್ನು ಇಡಿಯಾಗಿ ಬಿಟ್ಟರೆ ಇಡಿಯದ್ದೇ ದೊಡ್ಡದಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಈ ಹೋಳು ಇನ್ನೂ ಕೃತಕ. ಕೋವಿಡ್ ನಂತರ ಪ್ರಯಾಣದರದ ಆದಾಯವೂ ನಷ್ಟವೂ ಹೆಚ್ಚುಕಡಿಮೆ ಪೂರ್ತಿ ಸರ್ಕಾರದ ಲೆಕ್ಕಕ್ಕೆ ಹೋಗಿತ್ತು, ಸಂಬಳದಲ್ಲಿ ಎಷ್ಟು ಕೊಡಬಹುದು ಎಂಬುದಕ್ಕೆ ಕಂಪನಿಗಳು ಸರ್ಕಾರದ ಅನುಮತಿಯನ್ನೇ ಕಾಯಬೇಕಿತ್ತು.

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. ‘ರೈಲು ನೌಕರ’ ಎಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಡ್ರೈವರ್. ಜೂನ್ 21, 23, 25ರಂದು ಮುಷ್ಕರಕ್ಕೆ ಇಳಿದ ಆರ್‌ಎಂಟಿಯ ಸುಮಾರು 40,000 ಜನರಲ್ಲಿ ಡ್ರೈವರ್‌ಗಳು ತೀರಾ ಕಡಿಮೆ. ಇದ್ದವರು ಗಾರ್ಡ್‌ಗಳು, ಸಿಗ್ನಲ್ ಸಿಬ್ಬಂದಿ, ಹಳಿ ದುರಸ್ತಿಯವರು, ಟಿಕೆಟ್ ಕೌಂಟರಿನವರು, ಬೋಗಿ ತೊಳೆಯುವವರು. ಡ್ರೈವರ್‌ಗಳ ಯೂನಿಯನ್ ಆಸ್ಲೆಫ್ ಬೇರೆ, ಅದು ಹಲವು ಕಂಪನಿಗಳಲ್ಲಿ ಒಟ್ಟಿಗೆ ಹೂಡಿದ ಮುಷ್ಕರ ಶುರುವಾದದ್ದೂ ಆಮೇಲೆ. ಸರ್ಕಾರದ ಕಡೆಯಿಂದ ಓಡಾಡಿದ ಅಂಕಿ ‘ರೈಲು ನೌಕರರ ಮಧ್ಯಮ ಸಂಬಳ (ಸಂಬಳದ ಸಾಲಿನಲ್ಲಿ ನಟ್ಟನಡುವೆ ಇರುವವರದು) ವರ್ಷಕ್ಕೆ 44,000 ಪೌಂಡ್’. ಅದರೊಳಗೆ ಡ್ರೈವರ್‌ಗಳು ಸೇರಿದ್ದರು, ಅವರ ಸಂಬಳ ಉಳಿದವರಿಗಿಂತ ಬಹಳ ಮೇಲೆ. ಆರ್‌ಎಂಟಿ ಹೇಳಿದ್ದು ತನ್ನ ಸದಸ್ಯರದು 33,000 ಎಂದು. ಅದರಲ್ಲಿ ಕ್ಲೀನರ್‌ಗಳೂ ಸೇರಿದ್ದರು. ಯಾರನ್ನು ಸೇರಿಸಿದಿರಿ, ಯಾರನ್ನು ಬಿಟ್ಟಿರಿ ಎಂಬುದರ ಮೇಲೆ 11,000 ಪೌಂಡಿನ ವ್ಯತ್ಯಾಸ. ಪ್ರಶ್ನೆಗೆ ಮುಂಚೆ ಯಾವುದಾದರೂ ಸಂಬಳದ ಅಂಕಿ ಹೇಳಿದ್ದರೆ ಅದು ಇವೆರಡರಲ್ಲಿ ಯಾವುದು, ಯಾರನ್ನು ಒಳಗೊಂಡದ್ದು ಎಂದು ನೋಡದೆ ಉತ್ತರವನ್ನು ಓದುವುದರಲ್ಲಿ ಅರ್ಥವಿಲ್ಲ.

ಇದರ ಜೊತೆಗೆ ನರ್ಸ್‌ಗಳ ಹೋಲಿಕೆ. ಆ ವರ್ಷದ ಕೊನೆಯಲ್ಲಿ ನರ್ಸ್, ಆಂಬುಲೆನ್ಸ್, ಅಂಚೆ, ರೈಲು ಹೀಗೆ ಎಲ್ಲರೂ ಮುಷ್ಕರದ ಸರದಿಯಲ್ಲಿದ್ದಾಗ ಸಮೀಕ್ಷೆಗಳು ಒಂದೇ ಪಟ್ಟಿಯಲ್ಲಿ ಎಲ್ಲರ ಹೆಸರಿಟ್ಟು ಕೇಳಿದವು. ನರ್ಸ್‌ಗಳು ಎಲ್ಲರಿಗಿಂತ ಮೇಲೆ, ರೈಲಿನವರು ಎಷ್ಟೋ ಕೆಳಗೆ. ಅಂತರ ನಿಜ. ಆದರೆ ಪಟ್ಟಿಯಲ್ಲಿ ನರ್ಸ್ ಪಕ್ಕ ನಿಲ್ಲಿಸಿ ಕೇಳಿದ ಉತ್ತರವನ್ನು, ರೈಲಿನವರ ಬಗ್ಗೆ ಮಾತ್ರ ಒಂಟಿಯಾಗಿ ಕೇಳಿದ ಹಿಂದಿನ ಉತ್ತರದ ಜೊತೆ ಇಟ್ಟು ‘ಬೆಂಬಲ ಕುಸಿದಿದೆ’ ಎನ್ನಬಾರದು. ಏರಿಳಿತ ಹೇಳಬೇಕಾದರೆ ಒಂದೇ ಸಂಸ್ಥೆ, ಒಂದೇ ವಾಕ್ಯ, ಒಂದೇ ಬಗೆಯ ಪಟ್ಟಿ ಇರಬೇಕು, ಬದಲಾಗಬೇಕಾದ್ದು ತಾರೀಖು ಮಾತ್ರ.

ತಾರೀಖು ಎಂದಾಗ ಪ್ರಕಟವಾದ ದಿನವನ್ನಲ್ಲ, ಜನರನ್ನು ಕೇಳಿದ ದಿನಗಳನ್ನು ನೋಡಿ. ಮುಷ್ಕರ ಮೂರು ದಿನದ್ದಾದರೂ ಪೆಟ್ಟು ಬೀಳುವುದು ಹೆಚ್ಚುಕಡಿಮೆ ಇಡೀ ವಾರಕ್ಕೆ. ಆ ಮೂರು ದಿನ ಓಡಿದ್ದು ಮಾಮೂಲಿನ ಐದನೇ ಒಂದರಷ್ಟು ರೈಲುಗಳು, ಅದೂ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರೂವರೆವರೆಗೆ. ಮರುದಿನ ಬೆಳಗಿನ ಹೊತ್ತಿಗೂ ರೈಲುಗಳು ಸರಿಯಾಗಿ ಹೊರಡಲಿಲ್ಲ. ರಾತ್ರಿ ಪಾಳಿಗೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಜನ ಇರಲಿಲ್ಲ, ರೇಕುಗಳು ಮುಂಜಾನೆಯ ಮೊದಲ ಗಾಡಿಗೆ ಬೇಕಾದ ಡಿಪೊದಲ್ಲಿ ಇರಲಿಲ್ಲ. ಹಾಗಾಗಿ ‘ಎರಡು ಮುಷ್ಕರದ ದಿನಗಳ ನಡುವಿನ ದಿನ ಕೇಳಿದ್ದು’ ಎಂದರೆ ಶಾಂತವಾಗಿ ಯೋಚಿಸಿ ಉತ್ತರಿಸಿದ್ದು ಎಂದುಕೊಳ್ಳಬೇಡಿ. ಇಷ್ಟಾದರೂ ತೊಂದರೆಯೊಂದೇ ಜನರನ್ನು ತಿರುಗಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ವಾರಗಟ್ಟಲೆ ರೈಲು ಹತ್ತದವರೇ ಅಲ್ಲಿ ಬಹುಪಾಲು. ಅವರ ಉತ್ತರದಲ್ಲಿ ತಪ್ಪಿಹೋದ ಗಾಡಿಗಿಂತ ಅವರು ಓಟು ಹಾಕುವ ಪಕ್ಷ ಹೆಚ್ಚು ಕೇಳಿಸುತ್ತದೆ. ಕೋಷ್ಟಕದಲ್ಲಿ ಪಕ್ಷವಾರು ಕಂಬ ಇದ್ದರೆ ವಯಸ್ಸಿನ ಕಂಬಕ್ಕಿಂತ ಮೊದಲು ಅದನ್ನು ನೋಡಿ.

ಒಂದು ಸಣ್ಣ ಮಾತು: ಶೇ. 89 ಎಂಬ ಅಂಕಿ ಎಲ್ಲಾದರೂ ಕಂಡರೆ ಅದು ಜನಾಭಿಪ್ರಾಯವಲ್ಲ. ಅದು 2022ರ ಮೇನಲ್ಲಿ ಆರ್‌ಎಂಟಿ ಸದಸ್ಯರು ಹಾಕಿದ ಮುಷ್ಕರದ ಮತ. ಮತ ಹಾಕಿದವರು ಶೇ. 71, ಅವರಲ್ಲಿ ಪರ ಶೇ. 89. ಪಟ್ಟಿಯಲ್ಲಿದ್ದ ಎಲ್ಲರ ಲೆಕ್ಕಕ್ಕೆ ತಂದರೆ ಶೇ. 63ರಷ್ಟಾಗುತ್ತದೆ.

ಜನಾಭಿಪ್ರಾಯದಿಂದ ಸಂಬಳ ಏರಿತೇ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ, ಬಹಳ ಕಡಿಮೆ. ನೆಟ್‌ವರ್ಕ್ ರೈಲ್‌ನ ಆರ್‌ಎಂಟಿ ಸದಸ್ಯರು 2023ರ ಮಾರ್ಚ್‌ನಲ್ಲಿ ಶೇ. 76 ಮತಗಳಿಂದ ಒಪ್ಪಂದಕ್ಕೆ ಹೂಂ ಎಂದರು. ತೀರಾ ಕಡಿಮೆ ಸಂಬಳದವರಿಗೆ ಶೇ. 14.4, ಹೆಚ್ಚು ಸಂಬಳದವರಿಗೆ ಶೇ. 9.2. ಡ್ರೈವರ್‌ಗಳದು ಮುಗಿದದ್ದು 2024ರ ಸೆಪ್ಟೆಂಬರ್‌ನಲ್ಲಿ, ಸರ್ಕಾರ ಬದಲಾದ ಮೇಲೆ, ಮೂರು ವರ್ಷಕ್ಕೆ ಸುಮಾರು ಶೇ. 15ಕ್ಕೆ. ನಡುವೆ 2023ರ ಜನವರಿಯಲ್ಲಿ ರೈಲ್ವೆ ಮಂತ್ರಿ ಹ್ಯೂ ಮೆರಿಮನ್ ಅವರೇ ಸಂಸದರ ಸಮಿತಿಯ ಮುಂದೆ, ಕೇಳಿದ್ದನ್ನು ಕೊಟ್ಟು ಮುಗಿಸಿದ್ದರೆ ಆಗುತ್ತಿದ್ದ ಖರ್ಚಿಗಿಂತ ಮುಷ್ಕರಗಳ ನಷ್ಟವೇ ಹೆಚ್ಚಾಗಿದೆ ಎಂದು ಒಪ್ಪಿಕೊಂಡಿದ್ದರು. ಅಷ್ಟಾದರೂ ಡ್ರೈವರ್‌ಗಳ ಒಪ್ಪಂದಕ್ಕೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ದುಡ್ಡಿನ ಕೀಲಿ ಹಿಡಿದವರಿಗೆ ಸಮೀಕ್ಷೆಯ ನಾಲ್ಕೈದು ಅಂಶಗಳ ಏರಿಳಿತದಿಂದ ಬಿಸಿ ತಟ್ಟುವುದಿಲ್ಲ. ನಮ್ಮ 1974ರ ಮೇ ತಿಂಗಳ ರೈಲು ಮುಷ್ಕರವನ್ನು ಇದರ ಜೊತೆ ಹೋಲಿಸುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ: ನಮ್ಮಲ್ಲಿ ಮಾಲೀಕನೂ ಸರ್ಕಾರ, ಪೊಲೀಸೂ ಸರ್ಕಾರ. ಮೇ 8ಕ್ಕೆ ಶುರುವಾಗಬೇಕಿದ್ದ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್ ಅವರನ್ನು ಮೇ 2ಕ್ಕೇ ಬಂಧಿಸಿಯಾಗಿತ್ತು.

ಜನರ ಮಾತು ನಡೆದ ಜಾಗ ಬೇರೆ ಇದೆ, ಅದೂ ಇದೇ ಜಗಳದೊಳಗೆ. 2023ರಲ್ಲಿ ಇಂಗ್ಲೆಂಡಿನ ನಿಲ್ದಾಣಗಳ ಟಿಕೆಟ್ ಕೌಂಟರ್‌ಗಳನ್ನು ಮುಚ್ಚುವ ಯೋಜನೆ ಬಂತು. ಆರ್‌ಎಂಟಿಯ ತಕರಾರಿನಲ್ಲಿ ಸಂಬಳದಷ್ಟೇ ಈ ಕೆಲಸಗಳೂ ಇದ್ದವು. ನಿಯಮದ ಪ್ರಕಾರ ಪ್ರಯಾಣಿಕರ ಅಭಿಪ್ರಾಯ ಕೇಳಲೇಬೇಕಿತ್ತು. ಸುಮಾರು ಏಳೂವರೆ ಲಕ್ಷ ಪ್ರತಿಕ್ರಿಯೆಗಳು ಬಂದವು. ಪ್ರಯಾಣಿಕರ ಹಿತ ನೋಡುವ ಸಂಸ್ಥೆಗಳಾದ ಟ್ರಾನ್ಸ್‌ಪೋರ್ಟ್ ಫೋಕಸ್ ಮತ್ತು ಲಂಡನ್ ಟ್ರಾವೆಲ್‌ವಾಚ್ ಆಕ್ಷೇಪ ಸಲ್ಲಿಸಿದವು. ಅಕ್ಟೋಬರ್ 31ಕ್ಕೆ ಸರ್ಕಾರವೇ ಯೋಜನೆ ವಾಪಸ್ ತೆಗೆದುಕೊಳ್ಳಿ ಎಂದು ಕಂಪನಿಗಳಿಗೆ ಹೇಳಿತು. ಸಂಬಳದ ಪ್ರಶ್ನೆಯಲ್ಲಿ ಜನ ಇನ್ನೊಬ್ಬರ ಜಗಳಕ್ಕೆ ತೀರ್ಪು ಹೇಳುತ್ತಿದ್ದರು, ಕೌಂಟರಿನ ಪ್ರಶ್ನೆಯಲ್ಲಿ ತಮ್ಮ ಟಿಕೆಟ್ಟಿನ ಮಾತಾಡುತ್ತಿದ್ದರು. ಹಾಗಾಗಿ ಮುಂದಿನ ಮುಷ್ಕರದ ಸಮೀಕ್ಷೆ ಕೈಗೆ ಬಂದಾಗ ಸಂಬಳದ ಸಾಲಿನ ಜೊತೆಗೆ ಸಿಬ್ಬಂದಿ ಕಡಿತ, ಕೌಂಟರ್, ಗಾರ್ಡ್ ಇಲ್ಲದ ಗಾಡಿಗಳ ಬಗ್ಗೆ ಬೇರೆ ಪ್ರಶ್ನೆ ಇದೆಯೇ ಎಂದು ಹುಡುಕಿ. ಇದ್ದರೆ ನಾನು ಮೊದಲು ಓದುವುದು ಆ ಪುಟವನ್ನು.