ಬ್ಲೂ ಮೌಂಟನ್ಸ್‌ನಲ್ಲಿ ಕಾಲು ಉಳುಕಿದ ಮೇಲೆ ಯಾವ ತುರ್ತು ಸಾಧನ ಕೊಳ್ಳಬೇಕು, ಮತ್ತೆ ಯಾವಾಗ ನಡೆಯಬಹುದು?

ಸಿಡ್ನಿಗೆ ಹೊಸದಾಗಿ ಬಂದಿದ್ದೀರಿ, ಬ್ಲೂ ಮೌಂಟನ್ಸ್‌ನ ಕಣಿವೆಯೊಂದರಲ್ಲಿ ಕಾಲು ಉಳುಕಿ, ಮೊಬೈಲಿಗೆ ಸಿಗ್ನಲ್ ಸಿಗದೆ, ಸ್ನೇಹಿತರ ಹೆಗಲು ಹಿಡಿದು ಮೇಲೆ ಹತ್ತಿ ಬಂದೆ ಎಂದು ಬರೆದಿದ್ದೀರಿ. ಮುಂದಿನ ಬುಷ್‌ವಾಕಿಂಗ್‌ಗೆ (ಅಲ್ಲಿ ಚಾರಣಕ್ಕೆ ಹೇಳುವ ಹೆಸರು) ಮೊದಲು ಯಾವ ಸಾಧನ ಕೊಳ್ಳಬೇಕು, ಕಾಲು ಎಂದಿಗೆ ಸರಿಹೋದೀತು ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ, ಬಹುಕಾಲದಿಂದ ಅದೇ ಕಣಿವೆಗಳಲ್ಲಿ ನಡೆಯುತ್ತಿರುವವನು, ಹರಡಿನ (ಪಾದದ ಕೀಲಿನ) ಉಳುಕಿನಿಂದ ಚೇತರಿಸಿಕೊಂಡವನು. ಆ ಅನುಭವದಿಂದ ಹೇಳುವುದಾದರೆ, ಸಾಧನ ಎಷ್ಟೇ ಒಳ್ಳೆಯದಿದ್ದರೂ ಗುಂಡಿ ಒತ್ತಿದ ಮೇಲೆ ನೆರವು ಬರುವವರೆಗಿನ ಹಲವು ಗಂಟೆಗಳನ್ನು ಕಳೆಯಬೇಕಾದವರು ನೀವೇ. ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಬೇರೆಬೇರೆಯಾಗಿ ನೋಡುವುದಿಲ್ಲ.

ಅಲ್ಲಿನ ನೆಲದ ಸ್ವಭಾವವನ್ನು ಮೊದಲು ಗಮನಿಸಿ. ಕುಮಾರಪರ್ವತದಲ್ಲಿ ನಾವು ಮೊದಲು ಹತ್ತಿ, ದಣಿದ ಮೇಲೆ ಇಳಿಯುತ್ತೇವೆ. ಬ್ಲೂ ಮೌಂಟನ್ಸ್‌ನ ಕಟೂಂಬ, ಬ್ಲ್ಯಾಕ್‌ಹೀತ್ ಊರುಗಳಾದರೋ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿವೆ. ದಾರಿ ಮರಳುಗಲ್ಲಿನ ಮೆಟ್ಟಿಲುಗಳ ಮೂಲಕ ಮೊದಲು ಕಣಿವೆಗೆ ಇಳಿಯುತ್ತದೆ, ಕಡಿದಾದ ಏರು ಕೊನೆಗೆ ಬರುತ್ತದೆ. ಕೆಳಗಿಳಿದಂತೆ ಬಂಡೆಗೋಡೆಗಳು ಸಿಗ್ನಲ್ಲನ್ನು ಮರೆಮಾಡುತ್ತವೆ. ಸಿಗ್ನಲ್ ಸಿಕ್ಕಿದರೂ ತಾನಿರುವ ಜಾಗವನ್ನು ಹೇಳಲು ಬಾರದಿದ್ದರೆ ಏನಾಗಬಹುದು ಎಂಬುದಕ್ಕೆ ಆ ಬೆಟ್ಟಗಳಲ್ಲೇ ಒಂದು ದುಃಖದ ಉದಾಹರಣೆಯಿದೆ. 2006ರ ಡಿಸೆಂಬರಿನಲ್ಲಿ 17 ವರ್ಷದ ವಿದ್ಯಾರ್ಥಿಯೊಬ್ಬ ಮೌಂಟ್ ಸಾಲಿಟರಿಯ ಕಡೆ ನೀರಿಲ್ಲದೆ ಬಳಲಿ, ಆಸ್ಟ್ರೇಲಿಯಾದ ತುರ್ತು ಕರೆ ಸಂಖ್ಯೆ 000ಕ್ಕೆ ಹಲವು ಸಲ ಕರೆ ಮಾಡಿದ್ದ. ಕಾಡಿನ ನಡುವೆ ನಿಂತಿದ್ದ ಅವನಿಂದ ರಸ್ತೆಯ ವಿಳಾಸ ಕೇಳಲಾಯಿತು. ಅವನು ಬದುಕಿ ಬರಲಿಲ್ಲ. ನೀವಿರುವ ಅಕ್ಷಾಂಶ ರೇಖಾಂಶಗಳನ್ನು ತೋರಿಸುವ ‘ಎಮರ್ಜೆನ್ಸಿ ಪ್ಲಸ್’ ಆ್ಯಪ್ ಈಗ ಉಚಿತವಾಗಿ ಸಿಗುತ್ತದೆ, ಇಂದೇ ಹಾಕಿಕೊಳ್ಳಿ.

ಸಾಧನಗಳ ಪೈಕಿ ನಾನು ಮೊದಲು ಹೇಳುವುದು ಪಿಎಲ್‌ಬಿ, ಅಂದರೆ ಪರ್ಸನಲ್ ಲೊಕೇಟರ್ ಬೀಕನ್. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಸುರುಳಿ ಸುತ್ತಿಟ್ಟ ಲೋಹದ ಪಟ್ಟಿಯಂಥ ಆಂಟೆನಾವನ್ನು ಬಿಡಿಸಿ, ಮುಚ್ಚಳದಡಿಯ ಗುಂಡಿಯನ್ನು ಒತ್ತಿ ಹಿಡಿದರೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಹೊರಡುತ್ತದೆ. ಅದನ್ನು ಕಾಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ವ್ಯವಸ್ಥೆಯ ಉಪಗ್ರಹಗಳು ಹಿಡಿದು, ಆಸ್ಟ್ರೇಲಿಯಾದ ಮಟ್ಟಿಗೆ ಕ್ಯಾನ್‌ಬೆರಾದಲ್ಲಿರುವ ಆಮ್ಸಾ (ಸರ್ಕಾರದ ಸಾಗರ ಸುರಕ್ಷತಾ) ಸಂಸ್ಥೆಯ ರಕ್ಷಣಾ ಕೇಂದ್ರಕ್ಕೆ ತಲುಪಿಸುತ್ತವೆ. ಇದೇ ಜಾಲದ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್‌ನಲ್ಲಿ. ಹೆಲಿಕಾಪ್ಟರ್ ಹತ್ತಿರ ಬಂದಾಗ ನಿಮ್ಮತ್ತ ದಾರಿ ಹಿಡಿಯಲು ಪಿಎಲ್‌ಬಿ 121.5 ಮೆಗಾಹರ್ಟ್ಸ್‌ನಲ್ಲೂ ಸಂಕೇತ ಕಳಿಸುತ್ತಿರುತ್ತದೆ. ಒಮ್ಮೆ ಹಚ್ಚಿದರೆ ಕನಿಷ್ಠ 24 ಗಂಟೆ ಕೆಲಸ ಮಾಡುತ್ತದೆ, ತಿಂಗಳ ಶುಲ್ಕವಿಲ್ಲ. ಜಿಪಿಎಸ್ ಇರುವುದನ್ನೇ ಕೊಳ್ಳಿ: ಅದಿದ್ದರೆ ಹುಡುಕಬೇಕಾದ ಜಾಗ ಸುಮಾರು 120 ಮೀಟರಿಗೆ ಇಳಿಯುತ್ತದೆ, ಇಲ್ಲದಿದ್ದರೆ ಐದು ಕಿಲೋಮೀಟರಿನಷ್ಟಿರುತ್ತದೆ. ಕೊಂಡ ಮೇಲೆ ಆಮ್ಸಾದಲ್ಲಿ ಉಚಿತವಾಗಿ ನೋಂದಾಯಿಸಿ, ತುರ್ತು ಸಂಪರ್ಕಕ್ಕೆ ನಿಮ್ಮ ನಡಿಗೆಯ ದಾರಿ ತಿಳಿದಿರುವವರ ಹೆಸರು ಕೊಡಿ. ಸಂಕೇತ ಬಂದಾಗ ಮೊದಲ ಫೋನ್ ಹೋಗುವುದು ಅವರಿಗೇ. ಒಂದೇ ದಿನದ ನಡಿಗೆಗಾದರೆ ಕೊಳ್ಳಲೇಬೇಕೆಂದೂ ಇಲ್ಲ. ಪೊಲೀಸ್ ಇಲಾಖೆ ಮತ್ತು ರಾಷ್ಟ್ರೀಯ ಉದ್ಯಾನ ಇಲಾಖೆ ನಡೆಸುವ ‘ಥಿಂಕ್ ಬಿಫೋರ್ ಯು ಟ್ರೆಕ್’ ಯೋಜನೆಯಲ್ಲಿ ಅವು ಎರವಲಾಗಿ ಸಿಗುತ್ತವೆ. ಕಟೂಂಬದ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಅದನ್ನು ಬೆನ್ನಚೀಲದ ತಳದಲ್ಲಿ ಇಡಬೇಡಿ. ಬಿದ್ದಾಗ ಚೀಲ ಕೆಳಗೆ ಜಾರಿಹೋದೀತು, ಮೈಮೇಲಿನ ಜೇಬಿನಲ್ಲಿರಲಿ. ಒತ್ತುವಾಗ ಚಾಚುಬಂಡೆಯ ಅಡಿಯಲ್ಲಿ ಕೂರದೆ, ಆಕಾಶ ಹೆಚ್ಚು ಕಾಣುವ ಕಡೆ ಆಂಟೆನಾ ಮೇಲ್ಮುಖವಾಗಿರುವಂತೆ ಹಿಡಿಯಿರಿ.

ಗಾರ್ಮಿನ್ ಇನ್‌ರೀಚ್‌ನಂಥ ಸಾಧನಗಳು ಇರಿಡಿಯಂ ಉಪಗ್ರಹಗಳ ಮೂಲಕ ಎರಡೂ ಕಡೆಯ ಸಂದೇಶಗಳನ್ನು ಒಯ್ಯುತ್ತವೆ. ಪಿಎಲ್‌ಬಿಗೆ ‘ಪ್ರಾಣಾಪಾಯ’ ಎಂಬ ಒಂದೇ ಮಾತು ಗೊತ್ತು. ಇನ್‌ರೀಚ್‌ನಲ್ಲಾದರೆ ‘ಕಾಲು ಉಳುಕಿದೆ, ನಿಧಾನವಾಗಿ ಬರುತ್ತಿದ್ದೇವೆ’ ಎಂದು ಮನೆಯವರಿಗೆ ತಿಳಿಸಬಹುದು. ಇದಕ್ಕೆ ಚಂದಾ ಕಟ್ಟುತ್ತಿರಬೇಕು, ಬ್ಯಾಟರಿ ಚಾರ್ಜ್ ಮಾಡುತ್ತಿರಬೇಕು. ಐಫೋನ್ 14 ಮತ್ತು ಅನಂತರದವುಗಳಲ್ಲಿ ಉಪಗ್ರಹ ತುರ್ತು ಸಂದೇಶ 2023ರ ಮೇ ತಿಂಗಳಿಂದ ಆಸ್ಟ್ರೇಲಿಯಾದಲ್ಲೂ ಲಭ್ಯವಿದೆ. ಒಳ್ಳೆಯದೇ, ಆದರೆ ಬಿದ್ದಾಗ ಒಡೆಯುವ, ಫೋಟೋ ತೆಗೆದೇ ಬ್ಯಾಟರಿ ಮುಗಿಯುವ ಸಾಧನವನ್ನು ನಾನು ಏಕಮಾತ್ರ ಆಸರೆ ಎಂದುಕೊಳ್ಳಲಾರೆ. ಊರಿಗೆ ಬರುವಾಗ ಮಾತ್ರ ಇನ್‌ರೀಚ್ ತರಲೇಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥ ಉಪಗ್ರಹ ಸಾಧನ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ವಶಕ್ಕೆ ಪಡೆದದ್ದೂ ಉಂಟು.

ಉಳುಕಿಗೆ ಪಿಎಲ್‌ಬಿ ಒತ್ತಬಹುದೇ ಎಂಬ ಸಂಕೋಚ ಹಲವರಿಗಿದೆ. ಜೊತೆಯವರ ನೆರವಿನಿಂದ ಬೆಳಕಿರುವಾಗಲೇ ಮೇಲೆ ಬರಲು ಸಾಧ್ಯವಿದ್ದರೆ ಬೇಕಿಲ್ಲ. ಆದರೆ ಒಬ್ಬರೇ ಇದ್ದು, ಹೆಜ್ಜೆ ಊರಲಾಗದೆ, ಜೂನ್-ಜುಲೈನ ಚಳಿಯಲ್ಲಿ ರಾತ್ರಿ ಹತ್ತಿರವಾಗುತ್ತಿದ್ದರೆ ಅದು ಪ್ರಾಣಾಪಾಯವೇ. ಕತ್ತಲಾಗುವವರೆಗೆ ಕಾಯದೆ ಒತ್ತಿ. ಬೆಚ್ಚನೆಯ ಉಡುಪು, ಮಳೆಯಂಗಿ, ತಲೆದೀಪ, ಕ್ರೇಪ್ ಬ್ಯಾಂಡೇಜ್ ಜೊತೆಯಲ್ಲಿರಲಿ. ನಡೆದೇ ಹೊರಬರಬೇಕಿದ್ದರೆ ಶೂ ಬಿಚ್ಚಬೇಡಿ, ಲೇಸ್ ತುಸು ಸಡಿಲಿಸಿದರೆ ಸಾಕು. ಊದಿಕೊಂಡ ಪಾದಕ್ಕೆ ಅದು ಮತ್ತೆ ಏರುವುದಿಲ್ಲ.

ಇನ್ನು ಕಾಲು. ಪಾದ ಒಳಕ್ಕೆ ಮಡಚಿಕೊಂಡಾಗ ಪೆಟ್ಟು ಬೀಳುವುದು ಹೆಚ್ಚಾಗಿ ಹರಡಿನ ಹೊರಬದಿಯ ಲಿಗಮೆಂಟುಗಳಿಗೆ, ಅಂದರೆ ಮೂಳೆಗಳನ್ನು ಬಿಗಿದಿಡುವ ಪಟ್ಟಿಗಳಿಗೆ. ಮೂಳೆ ಮುರಿದಿರಬಹುದೇ ಎಂದು ಅಳೆಯಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಬಳಕೆಯಲ್ಲಿವೆ: ಹರಡಿನ ಎರಡು ಬದಿಯ ಉಬ್ಬುಮೂಳೆಗಳ ಹಿಂದಿನ ಅಂಚನ್ನು ಅಥವಾ ತುದಿಯನ್ನು ಒತ್ತಿದಾಗ ನೋವಾದರೆ, ಇಲ್ಲವೇ ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್-ರೇ ಬೇಕು. ನೀವು ಹೆಗಲ ಆಸರೆಯಲ್ಲಿ ಬಂದವರು. ಇನ್ನೂ ತೋರಿಸಿಲ್ಲವಾದರೆ ಜಿಪಿ (ಸಾಮಾನ್ಯ ವೈದ್ಯರ) ಬಳಿ ಹೋಗಿ.

ಮುರಿತವಿಲ್ಲವೆಂದಾದರೆ ಮೊದಲ ಕೆಲವು ದಿನ ಕಾಲನ್ನು ಎತ್ತರದಲ್ಲಿಟ್ಟು, ಬ್ಯಾಂಡೇಜ್ ಸುತ್ತಿ, ನೋವು ತಾಳುವ ಮಿತಿಯಲ್ಲಿ ಓಡಾಡಿ. ವಾರಗಟ್ಟಲೆ ಹಾಸಿಗೆ ಹಿಡಿಯುವುದನ್ನು ಈಗ ಯಾರೂ ಹೇಳುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳುವುದಂತೂ ಮೊದಲ ದಿನಗಳಲ್ಲಿ ಬೇಡವೇ ಬೇಡ. ಸಣ್ಣ ಉಳುಕು ಒಂದರಿಂದ ಮೂರು ವಾರಗಳಲ್ಲಿ, ಮಧ್ಯಮದ್ದು ಮೂರರಿಂದ ಆರು ವಾರಗಳಲ್ಲಿ ದಿನನಿತ್ಯದ ಓಡಾಟಕ್ಕೆ ಒಗ್ಗುತ್ತದೆ. ಲಿಗಮೆಂಟ್ ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು. ನೋವು ಹೋದ ಮಾತ್ರಕ್ಕೆ ಕಾಲು ಕಣಿವೆಗೆ ಸಿದ್ಧವಾಗುವುದಿಲ್ಲ. ಪಾದ ಎತ್ತ ವಾಲುತ್ತಿದೆ ಎಂದು ತಿಳಿಸುವ ನರತುದಿಗಳು ಲಿಗಮೆಂಟಿನಲ್ಲಿವೆ, ಪೆಟ್ಟಿನ ನಂತರ ಆ ಅರಿವು ಮಂಕಾಗಿರುತ್ತದೆ, ಅದೇ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ನನ್ನ ಫಿಸಿಯೋಥೆರಪಿಸ್ಟ್ ಅಡುಗೆಮನೆಯ ಕಟ್ಟೆಯ ಪಕ್ಕ ಬರಿಗಾಲಲ್ಲಿ, ಪೆಟ್ಟಾದ ಒಂದೇ ಕಾಲಿನ ಮೇಲೆ ನಿಲ್ಲಿಸುತ್ತಿದ್ದರು. ಅದು ಸಲೀಸಾದ ಮೇಲೆ ಕಣ್ಣುಮುಚ್ಚಿ, ಆಮೇಲೆ ಮಡಚಿದ ಟವೆಲಿನ ಮೇಲೆ. ಜೊತೆಗೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು, ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು. ಇವೆಲ್ಲದರಲ್ಲಿ ಎರಡು ಕಾಲುಗಳೂ ಸರಿಸಮವಾಗುವವರೆಗೆ ಕಣಿವೆಗೆ ಇಳಿಯಬೇಡಿ.

ಮೊದಲ ನಡಿಗೆಗೆ ಕಟೂಂಬ ಮತ್ತು ಲೂರಾ ನಡುವಿನ ಪ್ರಿನ್ಸ್ ಹೆನ್ರಿ ಕ್ಲಿಫ್ ವಾಕ್ ಆರಿಸಿಕೊಳ್ಳಿ, ಹರಡಿಗೆ ಪಟ್ಟಿ ಕಟ್ಟಿಕೊಂಡು ಹೋಗಿ. ಮೆಟ್ಟಿಲುಗಳು ಅಲ್ಲೂ ಇವೆ, ಆದರೆ ದಾರಿ ಕಣಿವೆಗೆ ಇಳಿಯದೆ ಅಂಚಿನಲ್ಲೇ ಸಾಗುತ್ತದೆ, ನಡುನಡುವೆ ರಸ್ತೆಗೆ ಸೇರಿಕೊಳ್ಳುತ್ತದೆ. ಹೊರಡುವ ಮುನ್ನ ಯಾವ ಭಾಗ ಮುಚ್ಚಿದೆ ಎಂದು ಉದ್ಯಾನ ಇಲಾಖೆಯ ಪ್ರಕಟಣೆ ನೋಡಿ. ನಿಮ್ಮ ಆರೋಗ್ಯ ವಿಮೆಯಲ್ಲಿ ಆಂಬ್ಯುಲೆನ್ಸ್ ಸೇರಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ, ಏಕೆಂದರೆ ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್ ಆಂಬ್ಯುಲೆನ್ಸ್ ವೆಚ್ಚವನ್ನು ಭರಿಸುವುದಿಲ್ಲ.